ಬೆಳ್ಳುಳ್ಳಿ-ಕೊತ್ತಂಬರಿ ಬೆಣ್ಣೆ ನೀರು ಬಿಡುತ್ತಿದೆ, ಬೆಳ್ಳುಳ್ಳಿ ಹಸಿರಾಗುತ್ತಿದೆ: ಎಲ್ಲಿ ತಪ್ಪುತ್ತಿದೆ?

ತುಪ್ಪದಗಿಂಡಿ (ಪ್ರಶ್ನೆ)

ನಮಸ್ಕಾರ. ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಕಲಸಿದ ಖಾರದ ಬೆಣ್ಣೆ ಮನೆಯಲ್ಲೇ ಮಾಡಬೇಕಿದೆ. ದೋಸೆಗೆ, ಬ್ರೆಡ್ಡಿಗೆ, ಬೇಯಿಸಿದ ಆಲೂಗಡ್ಡೆಗೆ ಹಾಕಿಕೊಳ್ಳಲು. ಈಗಿನ ಅಳತೆ ಹೀಗಿದೆ: ಉಪ್ಪಿಲ್ಲದ ಬೆಣ್ಣೆ 200 ಗ್ರಾಂ, ನಾಟಿ ಬೆಳ್ಳುಳ್ಳಿ 12 ಎಸಳು, ಸುಮಾರು 40 ಗ್ರಾಂ ಕೊತ್ತಂಬರಿ ಸೊಪ್ಪು, 2 ಹಸಿಮೆಣಸಿನಕಾಯಿ, ಒಂದು ನಿಂಬೆಹಣ್ಣಿನ ಪೂರ್ತಿ ರಸ, 1 ಟೀ ಚಮಚ ಪುಡಿ ಉಪ್ಪು. ಬೆಣ್ಣೆ ಬಿಟ್ಟು ಉಳಿದದ್ದನ್ನೆಲ್ಲ ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿ, ಮೈಕ್ರೋವೇವಿನಲ್ಲಿ 30 ಸೆಕೆಂಡು ಇಟ್ಟು ಮೆತ್ತಗೆ ಮಾಡಿದ ಬೆಣ್ಣೆಗೆ ಕಲಸಿ, ಡಬ್ಬಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟದ್ದು.

ಮರುದಿನ ಡಬ್ಬಿಯ ತಳದಲ್ಲಿ ಹಸಿರು ನೀರು ನಿಂತಿರುತ್ತದೆ. ಬೆಣ್ಣೆ ರವೆರವೆಯಾಗಿರುತ್ತದೆ, ಹಚ್ಚಿದರೆ ಹರಡುವುದಿಲ್ಲ. ಬೆಳ್ಳುಳ್ಳಿ ಚೂರುಗಳು ನೀಲಿ-ಹಸಿರಿಗೆ ತಿರುಗಿರುತ್ತವೆ. ಎರಡು ದಿನ ಕಳೆದರೆ ನಾಲಗೆಗೆ ಸ್ವಲ್ಪ ಕಹಿ. ಬಣ್ಣ ತಿರುಗಿದ ಬೆಳ್ಳುಳ್ಳಿ ತಿನ್ನಬಹುದೇ? ಇಂಥ ಬೆಣ್ಣೆ ಎಷ್ಟು ದಿನ ಇಡಬಹುದು? ತಿಳಿದವರು ದಯವಿಟ್ಟು ಅಳತೆ ಸಮೇತ ಹೇಳಿ.

---

ಕಡಗೋಲು

ತುಪ್ಪದಗಿಂಡಿ ಅವರೇ, ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಒಂದಕ್ಕೆ ಮೂಲ ನೀರು, ಇನ್ನೊಂದಕ್ಕೆ ಮೈಕ್ರೋವೇವ್. ಬೆಳ್ಳುಳ್ಳಿಯ ವಿಷಯ ಬೇರೆ, ಅದನ್ನು ಬಲ್ಲವರು ಇಲ್ಲಿ ಇನ್ನೂ ಇದ್ದಾರೆ.

ಮೊದಲು ನೀರಿನ ಲೆಕ್ಕ ಹಾಕಿ ನೋಡಿ. ಅಂಗಡಿಯ ಟೇಬಲ್ ಬಟರಿನಲ್ಲಿ ಕೊಬ್ಬು ಶೇ. 80ಕ್ಕೆ ಕಡಿಮೆ ಇರಬಾರದು, ನೀರು ಶೇ. 16 ಮೀರಬಾರದು ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಇದೆ. ಅಂದರೆ ನಿಮ್ಮ 200 ಗ್ರಾಂ ಬೆಣ್ಣೆಯಲ್ಲಿ ಹೆಚ್ಚೆಂದರೆ 32 ಗ್ರಾಂ ನೀರು. ಆ ನೀರು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಗಟ್ಟಿ ಕೊಬ್ಬಿನ ನಡುವೆ ಸಿಕ್ಕಿಕೊಂಡಿರುತ್ತದೆ, ಅದಕ್ಕೇ ಹೊರಗೆ ಬರುವುದಿಲ್ಲ. ಈಗ ನೀವು ಹಾಕಿದ್ದು: ಕೊತ್ತಂಬರಿ ಸೊಪ್ಪಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ, 40 ಗ್ರಾಂ ಅಂದರೆ ಸುಮಾರು 36 ಗ್ರಾಂ. ನಿಂಬೆರಸ ಸುಮಾರು 20 ಮಿಲಿ. ಮೆಣಸಿನಕಾಯಿ, ಬೆಳ್ಳುಳ್ಳಿ, ಸೊಪ್ಪು ತೊಳೆದಾಗ ಅಂಟಿಕೊಂಡ ನೀರು ಬೇರೆ. ಬೆಣ್ಣೆಯಲ್ಲಿ ಮೊದಲೇ ಇದ್ದ ನೀರಿನ ಎರಡರಷ್ಟು ನೀರು ಹೊರಗಿನಿಂದ ಸೇರಿತು. ಮೇಲಾಗಿ ಉಪ್ಪು ಬಿದ್ದ ಕೂಡಲೇ ಸೊಪ್ಪಿನೊಳಗಿನ ನೀರನ್ನೆಲ್ಲ ಎಳೆದು ಹೊರಗೆ ಹಾಕುತ್ತದೆ. ತಳದಲ್ಲಿ ನಿಂತದ್ದು ಅದೇ.

ಆದ್ದರಿಂದ ಖಾರದ ಬೆಣ್ಣೆಗೆ ಏನೇ ಹಾಕಿದರೂ ಅದರ ನೀರನ್ನು ಮೊದಲು ತೆಗೆದು ಹಾಕಬೇಕು. ಒಣಗಿಸಿಯೋ, ಹುರಿದೋ, ಹಿಂಡಿಯೋ. ಮಿಕ್ಸಿ ಇಲ್ಲಿ ಬೇಡವೇ ಬೇಡ. ಮಿಕ್ಸಿಯ ಬ್ಲೇಡು ಎಲೆಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ರಸ ಪೂರ್ತಿ ಹೊರಗೆ ಬರುತ್ತದೆ, ಬೆಣ್ಣೆಯ ಬಣ್ಣವೂ ಕೆಸರಿನ ಹಾಗಾಗುತ್ತದೆ. ಕೊತ್ತಂಬರಿಯ ದಂಟು ತೆಗೆದು ಎಲೆ ಮಾತ್ರ ಇಟ್ಟುಕೊಳ್ಳಿ. ತೊಳೆದು, ಜರಡಿಯಲ್ಲಿ ಸೋಸಿ, ಹತ್ತಿ ಬಟ್ಟೆಯ ಮೇಲೆ ಹರಡಿ ಫ್ಯಾನಿನ ಕೆಳಗೆ ಒಂದೂವರೆ ಗಂಟೆ ಬಿಡಿ. ಕೈಯಲ್ಲಿ ಹಿಡಿದು ಅಲುಗಿಸಿದರೆ ಎಲೆಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಉದುರಬೇಕು. ಆಮೇಲೆ ಹರಿತವಾದ ಚಾಕುವಿನಲ್ಲಿ ಒಂದೇ ಸಲ ಹೆಚ್ಚಿ. ಹೆಚ್ಚಿದ್ದನ್ನೇ ಹತ್ತು ಸಲ ಕೊಚ್ಚಬೇಡಿ. ಹೆಚ್ಚಿದ ಮೇಲೆ ಮಣೆಯ ಮೇಲೆ ಹಸಿರು ಕಲೆ ಆಗಿದ್ದರೆ ಚಾಕು ಮೊಂಡಾಗಿದೆ ಎಂದೇ ಅರ್ಥ.

ಇನ್ನು ಬೆಣ್ಣೆಯನ್ನು ಮೆತ್ತಗೆ ಮಾಡುವುದು. ಮೈಕ್ರೋವೇವ್ ಬೆಣ್ಣೆಯ ಒಳಭಾಗವನ್ನು ಕರಗಿಸುತ್ತದೆ, ಹೊರಗೆ ಗಟ್ಟಿಯಾಗಿಯೇ ಕಾಣುತ್ತದೆ. ಕರಗಿದ ಭಾಗದಲ್ಲಿ ಕೊಬ್ಬು ಮತ್ತು ನೀರು ಬೇರೆಯಾಗಿಬಿಡುತ್ತವೆ. ಫ್ರಿಜ್ಜಿನಲ್ಲಿ ಮತ್ತೆ ಗಟ್ಟಿಯಾಗುವಾಗ ಆ ಕೊಬ್ಬು ದೊಡ್ಡ ದೊಡ್ಡ ಹರಳು ಕಟ್ಟುತ್ತದೆ. ನಿಮಗೆ ಸಿಕ್ಕಿದ ರವೆ ಅದು. ತುಪ್ಪ ಹರಳು ಕಟ್ಟುವುದೂ ಇದೇ ಕಾರಣಕ್ಕೆ. ತುಪ್ಪದಲ್ಲಿ ಅದು ಗುಣ, ಇಲ್ಲಿ ದೋಷ.

ಬೆಣ್ಣೆ ಕಲಸಲು ಸರಿಯಾದ ಬಿಸುಪು 18ರಿಂದ 20 ಡಿಗ್ರಿ. ಫ್ರಿಜ್ಜಿನಿಂದ ತೆಗೆದ ಬೆಣ್ಣೆಯನ್ನು ಒಂದಿಂಚಿನ ತುಂಡು ಮಾಡಿ ತಟ್ಟೆಯಲ್ಲಿ ಬಿಡಿಯಾಗಿ ಹರಡಿ. ಬೆಂಗಳೂರು, ಮೈಸೂರಿನ ಸಾಧಾರಣ ದಿನದಲ್ಲಿ ಅರ್ಧ ಗಂಟೆ ಸಾಕು. ಮಂಗಳೂರಿನಲ್ಲೋ ಬೇಸಿಗೆಯ ರಾಯಚೂರಿನಲ್ಲೋ ಆದರೆ ಹತ್ತು ನಿಮಿಷ ಕಳೆಯುವುದರೊಳಗೆ ನೋಡಿಕೊಳ್ಳಿ. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲಬೇಕು, ಗುಳಿಯ ಅಂಚಿನಲ್ಲಿ ಎಣ್ಣೆಯ ಹೊಳಪು ಕಾಣಬಾರದು. ಹೊಳಪು ಕಂಡರೆ ಜಾಸ್ತಿ ಆಯಿತು. ಆಗ ಪಾತ್ರೆಯನ್ನು ಐಸ್ ನೀರಿನ ಮೇಲೆ ಕೂರಿಸಿ ಮರದ ಸೌಟಿನಲ್ಲಿ ತಿರುವುತ್ತಾ ಇರಿ. ಹೊಳಪು ಹೋಗಿ ಮತ್ತೆ ಮಂದ ಬಿಳಿ ಬಣ್ಣಕ್ಕೆ ಬಂದರೆ ಉಳಿಯಿತು. ಪೂರ್ತಿ ಕರಗಿ ತೆಳ್ಳಗಾಗಿದ್ದರೆ ಆ ಬೆಣ್ಣೆ ತುಪ್ಪಕ್ಕೇ ಸರಿ.

ನನ್ನ ಅಳತೆ 250 ಗ್ರಾಂ ಉಪ್ಪಿಲ್ಲದ ಬೆಣ್ಣೆಗೆ ಹೀಗೆ: ಒಣಗಿಸಿ ಹೆಚ್ಚಿದ ಕೊತ್ತಂಬರಿ ಎಲೆ 15 ಗ್ರಾಂ, ಬೀಜ ಮತ್ತು ಒಳಗಿನ ಬಿಳಿ ತಿರುಳು ತೆಗೆದ ಹಸಿಮೆಣಸಿನಕಾಯಿ 2, ದಪ್ಪಗೆ ಕುಟ್ಟಿದ ಕಾಳುಮೆಣಸು ಅರ್ಧ ಟೀ ಚಮಚ, ಒಂದು ನಿಂಬೆಹಣ್ಣಿನ ಹೊರಸಿಪ್ಪೆಯ ತುರಿ, ಉಪ್ಪು 3.5 ಗ್ರಾಂ. ಪುಡಿ ಉಪ್ಪು ಒಂದು ಟೀ ಚಮಚ ಸುಮಾರು 6 ಗ್ರಾಂ ಬರುತ್ತದೆ, ಹಾಗಾಗಿ ಅರ್ಧ ಚಮಚಕ್ಕೆ ಸ್ವಲ್ಪ ಮೇಲೆ. ನಿಮ್ಮ ಲೆಕ್ಕದಲ್ಲಿ 200 ಗ್ರಾಮಿಗೆ 6 ಗ್ರಾಂ ಉಪ್ಪು ಬಿದ್ದಿದೆ, ಅದು ಶೇ. 3, ಬಹಳವಾಯಿತು. ಉಪ್ಪು ಹಾಕಿದ ಅಂಗಡಿ ಬೆಣ್ಣೆ ಬಳಸುವುದಾದರೆ ಮತ್ತೆ ಉಪ್ಪು ಹಾಕಲೇಬೇಡಿ.

ನಿಂಬೆಯ ಪರಿಮಳ ಇರುವುದು ಸಿಪ್ಪೆಯ ಎಣ್ಣೆಯಲ್ಲಿ, ಎಣ್ಣೆ ಬೆಣ್ಣೆಯಲ್ಲಿ ಸಲೀಸಾಗಿ ಬೆರೆಯುತ್ತದೆ. ರಸ ಬೆರೆಯುವುದಿಲ್ಲ. ಹುಳಿ ಬೇಕೇ ಬೇಕು ಎಂದರೆ 250 ಗ್ರಾಮಿಗೆ ಎರಡು ಟೀ ಚಮಚ ಮೀರಬೇಡಿ. ಅದನ್ನೂ ಕಾಲು ಚಮಚದ ಹಾಗೆ ಹಾಕಿ, ಒಂದು ಸಲದ್ದು ಪೂರ್ತಿ ಹಿಡಿದ ಮೇಲೆ ಇನ್ನೊಂದು ಸಲ. ಸಿಪ್ಪೆ ತುರಿಯುವಾಗ ಹಸಿರು ಅಥವಾ ಹಳದಿ ಪದರ ಮಾತ್ರ ಬರಲಿ. ಕೆಳಗಿನ ಬಿಳಿ ಪದರ ಕಹಿ.

---

ಅಡಿಗೆತಕ್ಕಡಿ

ಕಡಗೋಲು ಅವರು ನೀರಿನ ವಿಷಯ ಬಿಡಿಸಿ ಹೇಳಿದ್ದಾರೆ. ಬೆಳ್ಳುಳ್ಳಿಯದ್ದು ನಾನು ಹೇಳುತ್ತೇನೆ, ಯಾಕೆಂದರೆ ಇಲ್ಲಿ ರುಚಿಯ ಜೊತೆ ಆರೋಗ್ಯದ ಪ್ರಶ್ನೆಯೂ ಇದೆ.

ಬಣ್ಣ ತಿರುಗಿದ್ದಕ್ಕೆ ಹೆದರಬೇಕಿಲ್ಲ. ಜಜ್ಜಿದ ಬೆಳ್ಳುಳ್ಳಿಯಲ್ಲಿ ಹುಟ್ಟುವ ಗಂಧಕದ ಅಂಶಗಳು ಹುಳಿಯ ಜೊತೆ ಸೇರಿದಾಗ ನೀಲಿ-ಹಸಿರು ಬಣ್ಣ ಬರುತ್ತದೆ. ತಣ್ಣಗಿನ ಜಾಗದಲ್ಲಿ ಬಹಳ ದಿನ ಇಟ್ಟ ಬೆಳ್ಳುಳ್ಳಿಯಲ್ಲಿ ಇದು ಹೆಚ್ಚು. ಉಪ್ಪಿನಕಾಯಿಯಲ್ಲೂ ಹೀಗೇ ಆಗುತ್ತದೆ. ವಿಷವಲ್ಲ, ಆದರೆ ನೋಡಲು ಚೆನ್ನಾಗಿರುವುದಿಲ್ಲ. ನೀವು ನಿಂಬೆರಸದ ಜೊತೆಗೇ ಬೆಳ್ಳುಳ್ಳಿ ರುಬ್ಬಿದ್ದರಿಂದ ಆಗಿದೆ. ರಸ ಬಿಟ್ಟು ಸಿಪ್ಪೆಯ ತುರಿ ಹಾಕಿದರೆ ಆಗುವುದಿಲ್ಲ.

ಕಹಿಗೆ ಎರಡು ಕಾರಣ ಇರಬಹುದು. ಒಂದು, ಎಸಳಿನ ನಡುವೆ ಇರುವ ಹಸಿರು ಮೊಳಕೆ. ಎಸಳನ್ನು ಉದ್ದಕ್ಕೆ ಸೀಳಿ ಚಾಕುವಿನ ತುದಿಯಿಂದ ಅದನ್ನು ಎಬ್ಬಿಸಿ ತೆಗೆಯಿರಿ. ಇನ್ನೊಂದು, ಹಸಿ ಬೆಳ್ಳುಳ್ಳಿಯನ್ನು ನುಣ್ಣಗೆ ರುಬ್ಬಿದ್ದು. ಬೆಳ್ಳುಳ್ಳಿಯ ಘಾಟು ಎಸಳಿನಲ್ಲಿ ಮೊದಲೇ ಇರುವುದಿಲ್ಲ, ಜೀವಕೋಶ ಒಡೆದಾಗ ಹುಟ್ಟುತ್ತದೆ. ಎಷ್ಟು ನುಣ್ಣಗೆ ಮಾಡಿದರೆ ಅಷ್ಟು ಘಾಟು, ಇಟ್ಟಷ್ಟೂ ಅದು ಒರಟಾಗುತ್ತಾ ಹೋಗುತ್ತದೆ.

ಹಸಿ ಬೆಳ್ಳುಳ್ಳಿ ಬೇಡ, ಬೇಯಿಸಿದ್ದು ಹಾಕಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. 50 ಗ್ರಾಂ ಸುಲಿದ ಎಸಳನ್ನು ಸಣ್ಣ ಬಾಣಲೆಗೆ ಹಾಕಿ, ಎರಡು ದೊಡ್ಡ ಚಮಚ ತುಪ್ಪ ಬಿಟ್ಟು, ಮುಚ್ಚಳ ಮುಚ್ಚಿ ತೀರಾ ಸಣ್ಣ ಉರಿಯಲ್ಲಿ 15ರಿಂದ 18 ನಿಮಿಷ ಇಡಿ. ನಾಲ್ಕೈದು ನಿಮಿಷಕ್ಕೊಮ್ಮೆ ಹೊರಳಿಸಿ. ಎಸಳು ಗೋಧಿ ಬಣ್ಣಕ್ಕೆ ಬಂದು, ಚಮಚದ ಬೆನ್ನಿನಿಂದ ಒತ್ತಿದರೆ ಪೇಸ್ಟಿನ ಹಾಗೆ ಹರಡಬೇಕು. ಕಂದು ಬಣ್ಣಕ್ಕೆ ಹೋಯಿತೆಂದರೆ ಕಹಿ ಬಂತು, ಅದನ್ನು ಸರಿಪಡಿಸುವ ಉಪಾಯ ಇಲ್ಲ. ಪೂರ್ತಿ ಆರಿದ ಮೇಲೆ ಮಸೆದು ಬೆಣ್ಣೆಗೆ ಹಾಕಿ. ಬೆಚ್ಚಗಿರುವಾಗ ಹಾಕಿದರೆ ಬೆಣ್ಣೆ ಕರಗಿ ಮತ್ತೆ ರವೆಯೇ. 250 ಗ್ರಾಂ ಬೆಣ್ಣೆಗೆ ಈ 50 ಗ್ರಾಂ ಸರಿಹೋಗುತ್ತದೆ. ಹಸಿಯದೇ ಬೇಕೆಂದರೆ 8ರಿಂದ 10 ಗ್ರಾಂ, ಚಾಕುವಿನಲ್ಲಿ ಹೆಚ್ಚಿದ್ದು, ಅದಕ್ಕಿಂತ ಹೆಚ್ಚು ಬೇಡ.

ಇನ್ನು ಎಷ್ಟು ದಿನ ಎನ್ನುವ ಪ್ರಶ್ನೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯುವಂಥದ್ದು, ಅದರ ಮೇಲೆ ಬಾಟ್ಯುಲಿಸಂ ರೋಗ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ಗಾಳಿ ಸಿಗದ, ಹುಳಿ ಕಡಿಮೆ ಇರುವ, ಬೆಚ್ಚಗಿನ ಜಾಗ ಸಿಕ್ಕಿದರೆ ಅವು ಮೊಳೆತು ವಿಷ ಉಂಟುಮಾಡುತ್ತವೆ. ಎಣ್ಣೆಯೊಳಗೆ ಮುಳುಗಿದ ಬೆಳ್ಳುಳ್ಳಿ ಚೂರಿಗೆ ಆ ಮೂರೂ ಸಿಗುತ್ತವೆ. 1985ರಲ್ಲಿ ಕೆನಡಾದ ವ್ಯಾಂಕೂವರಿನ ಒಂದು ಹೋಟೆಲಿನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿ ತಿಂದ 36 ಜನರಿಗೆ ಬಾಟ್ಯುಲಿಸಂ ಆಯಿತು. ಆ ಬಾಟಲಿಯನ್ನು ಫ್ರಿಜ್ಜಿನ ಹೊರಗೆ ಇಟ್ಟಿದ್ದರು. ಇಂಥ ವಿಷಕ್ಕೆ ಕೆಟ್ಟ ವಾಸನೆ ಇರಲೇಬೇಕೆಂದಿಲ್ಲ, ಮೂಸಿ ನೋಡಿ ತೀರ್ಮಾನಿಸಲು ಬರುವುದಿಲ್ಲ. ಬೆಳ್ಳುಳ್ಳಿ ಬೇಯಿಸಿದ್ದೇವೆ ಎಂಬ ಧೈರ್ಯವೂ ಬೇಡ, ಬೀಜಾಣು ಕುದಿಯುವ ನೀರಿಗೂ ಸಾಯುವುದಿಲ್ಲ.

ಉಪ್ಪು ಇದೆಯಲ್ಲ ಎಂದು ಕೇಳಬಹುದು. ಉಪ್ಪು ಕೊಬ್ಬಿನಲ್ಲಿ ಕರಗುವುದಿಲ್ಲ, ಬೆಣ್ಣೆಯೊಳಗಿನ ನೀರಿನಲ್ಲಿ ಮಾತ್ರ ಕರಗುತ್ತದೆ. 250 ಗ್ರಾಂ ಬೆಣ್ಣೆಯ 40 ಗ್ರಾಂ ನೀರಿನಲ್ಲಿ 3.5 ಗ್ರಾಂ ಉಪ್ಪು ಅಂದರೆ ಒಳ್ಳೆಯ ಉಪ್ಪುನೀರೇ, ಬರಿ ಉಪ್ಪು ಬೆಣ್ಣೆ ಬಾಳುವುದು ಅದರಿಂದ. ಆದರೆ ಬೆಳ್ಳುಳ್ಳಿ ಚೂರಿನ ಒಳಗಿರುವ ನೀರಿಗೆ ಆ ಉಪ್ಪು ಎಲ್ಲ ಕಡೆ ಸಮನಾಗಿ ತಲುಪುತ್ತದೆ ಎನ್ನುವಂತಿಲ್ಲ.

ಹಾಗಾಗಿ: ಬೆಳ್ಳುಳ್ಳಿ ಇರುವ ಬೆಣ್ಣೆಯನ್ನು, ಹಸಿಯದ್ದಾಗಲಿ ಬೇಯಿಸಿದ್ದಾಗಲಿ, ಮಾಡಿದ ಕೂಡಲೇ ಫ್ರಿಜ್ಜಿಗೆ. 4 ಡಿಗ್ರಿಯ ಆಸುಪಾಸಿನಲ್ಲಿ ನಾಲ್ಕು ದಿನ. ಅದಕ್ಕೂ ಹೆಚ್ಚು ಬೇಕಾದದ್ದನ್ನು ಮೊದಲ ದಿನವೇ ಫ್ರೀಜರಿಗೆ ಹಾಕಿ, ಮೂರು ತಿಂಗಳೊಳಗೆ ಮುಗಿಸಿ. ಊಟದ ಮೇಜಿನ ಮೇಲೆ ಇಟ್ಟದ್ದು ಎರಡು ಗಂಟೆ ಮೀರಿದರೆ ಮತ್ತೆ ಡಬ್ಬಿಗೆ ಸೇರಿಸಬೇಡಿ.

---

ಮೊಸರುಗಡಿಗೆ

ಮನೆಯಲ್ಲೇ ಕಡೆದ ಬೆಣ್ಣೆಯಲ್ಲಿ ಮಾಡುವವರಿಗೆ ಎರಡು ಮಾತು. ಹೆಪ್ಪು ಹಾಕಿ ಕಡೆದ ಬೆಣ್ಣೆಗೆ ಇರುವ ತೆಳು ಹುಳಿಯೇ ಬೆಳ್ಳುಳ್ಳಿಗೆ, ಕಾಳುಮೆಣಸಿಗೆ ಒಳ್ಳೆಯ ಜೊತೆ. ಅಂಥ ಬೆಣ್ಣೆ ಇದ್ದರೆ ನಿಂಬೆಯೇ ಬೇಡ. ಆದರೆ ಮನೆಬೆಣ್ಣೆಯಲ್ಲಿ ಮಜ್ಜಿಗೆ ಉಳಿದುಕೊಳ್ಳುವುದೇ ದೊಡ್ಡ ತೊಡಕು. ತುಪ್ಪಕ್ಕಾದರೆ ಪರವಾಗಿಲ್ಲ, ಕಾಯಿಸುವಾಗ ನೀರು ಆರಿ ಉಳಿದದ್ದು ಗಸಿಯಾಗುತ್ತದೆ. ಹಸಿ ಬೆಣ್ಣೆಯಾಗಿ ತಿನ್ನುವಾಗ ಆ ಮಜ್ಜಿಗೆಯೇ ಎರಡು ದಿನದಲ್ಲಿ ಹುಳಿತು ಬೆಣ್ಣೆಯನ್ನು ಕೆಡಿಸುತ್ತದೆ.

ಕೆನೆ ಹದಿನೈದು ದಿನ ಕೂಡಿಟ್ಟದ್ದು ಬೇಡ, ನಾಲ್ಕೈದು ದಿನದ್ದು ಸಾಕು. ಹಳೆ ಕೆನೆಯ ಕಮಟು ವಾಸನೆ ತುಪ್ಪದಲ್ಲಿ ಒಂದಷ್ಟು ಮುಚ್ಚಿಹೋಗುತ್ತದೆ, ಹಸಿ ಬೆಣ್ಣೆಯಲ್ಲಿ ಎದ್ದು ಕಾಣುತ್ತದೆ, ಎಷ್ಟು ಬೆಳ್ಳುಳ್ಳಿ ಹಾಕಿದರೂ ಅಡಗುವುದಿಲ್ಲ. ಅರ್ಧ ಲೀಟರ್ ಕೆನೆಗೆ ಒಂದು ದೊಡ್ಡ ಚಮಚ ಗಟ್ಟಿ ಮೊಸರು ಬೆರೆಸಿ ಹತ್ತು ಗಂಟೆ ಹೊರಗಿಡಿ, ಆಮೇಲೆ ಮೂರು ಗಂಟೆ ಫ್ರಿಜ್ಜಿನಲ್ಲಿ. ಕಡೆಯುವಾಗ 12ರಿಂದ 15 ಡಿಗ್ರಿ ಇದ್ದರೆ ಚೆನ್ನ. ಮಿಕ್ಸಿಯಾದರೆ ಹತ್ತು ಹತ್ತು ಸೆಕೆಂಡು ಬಿಟ್ಟು ಬಿಟ್ಟು ತಿರುಗಿಸಿ, ನಡುವೆ ಐಸ್ ನೀರು ಹಾಕಿ. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯಾಗಿ ಬೆಣ್ಣೆ ಗೋಂದಿನ ಹಾಗೆ ಗೋಡೆಗೆ ಮೆತ್ತಿಕೊಳ್ಳುತ್ತದೆ.

ನಿಲ್ಲಿಸುವ ಹೊತ್ತನ್ನು ಕಣ್ಣಿಟ್ಟು ನೋಡಬೇಕು. ಮೊದಲು ಸಾಸಿವೆ ಕಾಳಿನಷ್ಟು ಕಣ ಕಾಣುತ್ತದೆ, ಮಜ್ಜಿಗೆ ಇನ್ನೂ ಗಟ್ಟಿಯಾಗಿರುತ್ತದೆ. ಒಂದೆರಡು ಸುತ್ತು ಮುಂದೆ ಹೋದರೆ ಜೋಳದ ಕಾಳಿನ ಗಾತ್ರ ಬರುತ್ತದೆ, ಕೆಳಗಿನ ಮಜ್ಜಿಗೆ ತೆಳ್ಳಗಾಗಿ ನೀಲಿ ಛಾಯೆಗೆ ತಿರುಗುತ್ತದೆ, ಸದ್ದೂ ಬದಲಾಗುತ್ತದೆ: ಗುಳುಗುಳು ಇದ್ದದ್ದು ಚಪಚಪ ಎನ್ನುತ್ತದೆ. ಅಲ್ಲಿಗೆ ನಿಲ್ಲಿಸಿ. ನಿಂಬೆಹಣ್ಣಿನಷ್ಟು ಮುದ್ದೆಯಾಗುವವರೆಗೆ ಕಡೆದರೆ ಮುದ್ದೆಯ ಹೊಟ್ಟೆಯೊಳಗೆ ಮಜ್ಜಿಗೆ ಸೇರಿಕೊಂಡು, ಎಷ್ಟು ತೊಳೆದರೂ ಹೊರಗೆ ಬರುವುದಿಲ್ಲ. ಕಾಳಿನ ಗಾತ್ರದಲ್ಲಿ ಇದ್ದಾಗಲೇ ಮಜ್ಜಿಗೆ ಬಸಿದು, ಐಸ್ ನೀರಿನಲ್ಲಿ ಮೂರು ಸಲ, ನೀರು ತಿಳಿಯಾಗುವವರೆಗೆ ತೊಳೆಯಿರಿ.

ಆಮೇಲೆ ತಣ್ಣಗಿನ ತಟ್ಟೆಗೆ ಹಾಕಿ, ತಟ್ಟೆಯನ್ನು ಒಂದು ಕಡೆ ಸ್ವಲ್ಪ ಎತ್ತರಿಸಿ, ಮರದ ಸೌಟಿನ ಚಪ್ಪಟೆ ಬೆನ್ನಿನಿಂದ ಒತ್ತುತ್ತಾ ಮಡಚುತ್ತಾ ನಾದಿ. ನೀರು ಕಣ್ಣೀರಿನ ಹಾಗೆ ಹನಿಹನಿಯಾಗಿ ಇಳಿಯುತ್ತದೆ. ಒತ್ತಿದ ಜಾಗದಲ್ಲಿ ಹನಿ ಕಾಣದೆ ಹೋದಾಗ ಮುಗಿಯಿತು. ಕೈಯಲ್ಲಿ ನಾದಬೇಡಿ, ಅಂಗೈಯ ಬಿಸಿಗೆ ಹಸುವಿನ ಬೆಣ್ಣೆ ತಕ್ಷಣ ಸಡಿಲವಾಗುತ್ತದೆ. ಎಮ್ಮೆ ಬೆಣ್ಣೆ ಸ್ವಲ್ಪ ತಡೆದುಕೊಳ್ಳುತ್ತದೆ, ಬೆಳ್ಳಗೆ ಇರುವುದರಿಂದ ಸೊಪ್ಪಿನ ಹಸಿರೂ ಅದರಲ್ಲಿ ಚೆನ್ನಾಗಿ ತೋರುತ್ತದೆ.

ಹಳ್ಳಿಮನೆಗಳಲ್ಲಿ ಬೆಣ್ಣೆಯನ್ನು ತಣ್ಣೀರಿನಲ್ಲಿ ಮುಳುಗಿಸಿಟ್ಟು ದಿನಾ ನೀರು ಬದಲಾಯಿಸುತ್ತಾರಲ್ಲ, ಖಾರದ ಬೆಣ್ಣೆಗೆ ಆ ಕ್ರಮ ಆಗದು. ಉಪ್ಪೂ ಹೋಗುತ್ತದೆ, ಸೊಪ್ಪಿನ ಸಾರವೂ ನೀರಿಗೆ ಇಳಿಯುತ್ತದೆ. ಸಾದಾ ಬೆಣ್ಣೆಯನ್ನು ಹಾಗೆ ಇಟ್ಟುಕೊಂಡು, ಬೇಕಾದಾಗ ಬೇಕಾದಷ್ಟಕ್ಕೆ ಕಲಸಿಕೊಳ್ಳಿ.

---

ತುಪ್ಪದಗಿಂಡಿ

ಎಲ್ಲರಿಗೂ ಧನ್ಯವಾದ. ಅಡಿಗೆತಕ್ಕಡಿ ಅವರೇ, ನಾಲ್ಕು ದಿನ ಅಂದರೆ ಕಡಿಮೆ ಅನ್ನಿಸುತ್ತದೆ. ಬೆಳ್ಳುಳ್ಳಿ ಇಲ್ಲದೆ, ಹೆಚ್ಚು ದಿನ ಬಾಳುವ ಖಾರದ ಬೆಣ್ಣೆ ಯಾವುದಾದರೂ ಇದೆಯೇ? ದೊಡ್ಡಪತ್ರೆ ಗಿಡ ಬೇಕಾದಷ್ಟಿದೆ, ಅದು ನಡೆಯುತ್ತದೆಯೇ?

---

ಅಡಿಗೆತಕ್ಕಡಿ

ದೊಡ್ಡಪತ್ರೆ ಹಸಿಯಾಗಿ ನಡೆಯುವುದಿಲ್ಲ. ಎಲೆ ದಪ್ಪ, ತುಂಬಾ ನೀರು. ಹೆಚ್ಚಿದ ಕೂಡಲೇ ಲೋಳೆ ಬಿಡುತ್ತದೆ. ತುಪ್ಪದಲ್ಲಿ ಬಾಡಿಸಿ ನೀರು ಪೂರ್ತಿ ಆರಿಸಿ ಹಾಕಬಹುದು, ಆದರೆ ಆಗ ಎಲೆಯ ಮುಕ್ಕಾಲು ಪರಿಮಳ ಹೋಗಿರುತ್ತದೆ. ಸಬ್ಬಸಿಗೆ ಸೊಪ್ಪು ಇದಕ್ಕೆ ತಕ್ಕದ್ದು: ಎಲೆ ಎಳೆಎಳೆಯಾಗಿರುವುದರಿಂದ ನೆರಳಿನಲ್ಲಿ ಬೇಗ ಒಣಗುತ್ತದೆ, ಆಲೂಗಡ್ಡೆಗೆ ಅದರ ಬೆಣ್ಣೆ ಬಹಳ ಒಪ್ಪುತ್ತದೆ.

ಬಾಳಿಕೆ ಬೇಕೆಂದರೆ ಕರಿಬೇವಿನದ್ದು ಮಾಡಿ. 20 ಗ್ರಾಂ ಎಲೆಯನ್ನು ತೊಳೆದು, ಒರೆಸಿ, ಒಂದು ಚಮಚ ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಹುರಿಯಿರಿ. ಸದ್ದು ನಿಂತಿತು ಅಂದರೆ ನೀರು ಹೋಯಿತು. ಎಲೆ ಹಸಿರಾಗಿಯೇ ಇರಬೇಕು, ಕೈಯಲ್ಲಿ ಹಿಸುಕಿದರೆ ಪುಡಿಯಾಗಬೇಕು. ಆರಿದ ಮೇಲೆ ಪುಡಿ ಮಾಡಿ, ಒಂದು ಟೀ ಚಮಚ ಕುಟ್ಟಿದ ಕಾಳುಮೆಣಸು, ಅರ್ಧ ಟೀ ಚಮಚ ಹುರಿದ ಜೀರಿಗೆ ಪುಡಿ, 3.5 ಗ್ರಾಂ ಉಪ್ಪಿನ ಜೊತೆ 250 ಗ್ರಾಂ ಬೆಣ್ಣೆಗೆ ಕಲಸಿ. ಫ್ರಿಜ್ಜಿನಲ್ಲಿ ಎರಡು ವಾರ ಇಡಬಹುದು.

ಬ್ಯಾಡಗಿ ಮೆಣಸಿನಕಾಯಿ ಪುಡಿಯದ್ದೂ ಹೀಗೇ. ಆದರೆ ಪುಡಿಯನ್ನು ನೇರ ಬೆಣ್ಣೆಗೆ ಹಾಕಿದರೆ ಹಸಿ ವಾಸನೆ, ಬಣ್ಣವೂ ಮಂಕು. ಅದರ ಕೆಂಪು ಬಣ್ಣ ಕೊಬ್ಬಿನಲ್ಲಿ ಬಿಸಿಯಾದಾಗ ಬಿಟ್ಟುಕೊಳ್ಳುವಂಥದ್ದು. ಎರಡು ದೊಡ್ಡ ಚಮಚ ತುಪ್ಪ ಬಿಸಿ ಮಾಡಿ, ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು ಎರಡು ಟೀ ಚಮಚ ಪುಡಿ ಹಾಕಿ ಕದಡಿ. ಉರಿಯ ಮೇಲೆಯೇ ಹಾಕಿದರೆ ಕ್ಷಣದಲ್ಲಿ ಕಪ್ಪಾಗುತ್ತದೆ. ಪೂರ್ತಿ ತಣಿದ ಮೇಲೆ ಬೆಣ್ಣೆಗೆ ಸೇರಿಸಿ.

---

ಬಿಳಿಜೋಳ

ಒಣದು ಹಾಕಬೇಕು ಅಂತ ಎಲ್ಲಾರೂ ಹೇಳಾಕತ್ತೀರಿ, ನಮ್ಮ ಕಡೆ ಜೋಳದ ರೊಟ್ಟಿ ಮ್ಯಾಲೆ ಬೆಣ್ಣಿ, ಅದರ ಬಾಜೂಕ ಶೇಂಗಾ ಹಿಂಡಿ, ಅಂದ್ರ ಶೇಂಗಾ ಚಟ್ನಿಪುಡಿ, ಇಡೋದು ಮೊದಲಿಂದನೂ ಐತ್ರಿ. ಎರಡನ್ನೂ ಕೂಡಿಸಿದರ ಅದೇ ಖಾರದ ಬೆಣ್ಣಿ. 250 ಗ್ರಾಂ ಉಪ್ಪಿಲ್ಲದ ಬೆಣ್ಣಿಗೆ 30 ಗ್ರಾಂ ಶೇಂಗಾ ಹಿಂಡಿ, ಅಂದ್ರ ತುಂಬಿದ ಮೂರು ದೊಡ್ಡ ಚಮಚ. ಹಿಂಡಿಯೊಳಗ ಉಪ್ಪು, ಖಾರ, ಬಳ್ಳೊಳ್ಳಿ ಎಲ್ಲಾ ಇರತೈತಿ, ಬ್ಯಾರೆ ಉಪ್ಪು ಹಾಕಬ್ಯಾಡ್ರಿ. ಬಳ್ಳೊಳ್ಳಿ ಇರೋದರಿಂದ ಅಡಿಗೆತಕ್ಕಡಿಯವರು ಹೇಳಿದ ನಾಲ್ಕು ದಿನದ ಲೆಕ್ಕ ಇದಕ್ಕೂ ಹಿಡೀರಿ. ಬಳ್ಳೊಳ್ಳಿ ಹಾಕದ ಹಿಂಡಿ ಇದ್ರ ಎಂಟು-ಹತ್ತು ದಿನ ನಡೀತೈತಿ, ಅದಕ್ಕಿಂತ ಮುಂದ ಶೇಂಗಾದ ಎಣ್ಣಿ ಕಮಟು ಹಿಡೀತೈತಿ.

ಗುರೆಳ್ಳು ಹಿಂಡಿ ಇದಕ್ಕೂ ಛಲೋ. ಅದು ಕಪ್ಪಗ ಇರತೈತಿ, ಬೆಣ್ಣಿ ಬೂದಿ ಬಣ್ಣ ಆಗತೈತಿ, ನೋಡಿ ಗಾಬರಿ ಆಗಬ್ಯಾಡ್ರಿ. 20 ಗ್ರಾಂ ಸಾಕು, ಜಾಸ್ತಿ ಆದ್ರ ಕಹಿ ಮುಂದ ಬರತೈತಿ. ಪುಡಿ ಭಾಳ ಸಣ್ಣ ಇರಬಾರದು, ತರಿತರಿ ಇದ್ರ ಹಲ್ಲಿಗೆ ಸಿಗತೈತಿ. ರೊಟ್ಟಿ ಹಂಚಿನಿಂದ ಇಳಿಸಿದ ಮ್ಯಾಲೆ ಹಚ್ಚರಿ.

---

ರೈನ್‌ತೀರ

ಜರ್ಮನಿಯಲ್ಲಿ ಇರುವ ಕನ್ನಡಿಗರಿಗೆ ಒಂದು ಸೂಚನೆ. ಇಲ್ಲಿ ಇದೇ ಜಾತಿಯ ಬೆಣ್ಣೆಗೆ ಕ್ರಾಯ್ಟರ್‌ಬುಟ್ಟರ್ ಎನ್ನುತ್ತಾರೆ, ಪಾರ್ಸ್ಲಿ, ಚೈವ್ಸ್, ಬೆಳ್ಳುಳ್ಳಿ ಹಾಕಿದ್ದು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಫ್ರಾನ್ಸಿನಲ್ಲಿ ಪಾರ್ಸ್ಲಿ ಮತ್ತು ನಿಂಬೆರಸ ಹಾಕಿದ್ದು ಬರ್ ಮೇತ್ರ್ ದೊತೆಲ್, ಸುಟ್ಟ ಮಾಂಸದ ಮೇಲೆ ಒಂದು ಬಿಲ್ಲೆ ಇಟ್ಟು ಕೊಡುತ್ತಾರೆ. ಇಲ್ಲಿನ ಬೆಣ್ಣೆಯಲ್ಲಿ ಸಾಮಾನ್ಯವಾಗಿ ಶೇ. 82 ಕೊಬ್ಬು, ಮೇಲಿನ ಅಳತೆಗಳು ಇಲ್ಲಿಯೂ ನಡೆಯುತ್ತವೆ. ಚಳಿಗಾಲದಲ್ಲಿ ಮಾತ್ರ ಬೆಣ್ಣೆ ಗಂಟೆಗಟ್ಟಲೆ ಹೊರಗಿಟ್ಟರೂ ಮೆತ್ತಗಾಗುವುದಿಲ್ಲ. ಆಗ ಬಿಸಿ ನೀರು ತುಂಬಿಸಿ ಚೆಲ್ಲಿ ಒರೆಸಿದ ಲೋಟವನ್ನು ಬೆಣ್ಣೆಯ ತುಂಡಿನ ಮೇಲೆ ಐದಾರು ನಿಮಿಷ ಕವುಚಿ ಇಟ್ಟರೆ ಹದಕ್ಕೆ ಬರುತ್ತದೆ.

---

ಕಡಗೋಲು

ಸುರುಳಿ ಕಟ್ಟುವುದನ್ನು ಯಾರೂ ಹೇಳಲಿಲ್ಲ. ಡಬ್ಬಿಗೆ ತುಂಬುವುದಕ್ಕಿಂತ ಅದು ಮೇಲು, ಯಾಕೆಂದರೆ ಡಬ್ಬಿಯನ್ನು ದಿನಾ ತೆಗೆದು ಒದ್ದೆ ಚಮಚ ಹಾಕುವುದರಿಂದಲೇ ಅರ್ಧ ಬೆಣ್ಣೆ ಕೆಡುತ್ತದೆ.

30 ಸೆಂಟಿಮೀಟರ್ ಉದ್ದದ ಬಟರ್ ಪೇಪರಿನ ಮೇಲೆ, ನಿಮ್ಮ ಕಡೆಯ ಅಂಚಿನಿಂದ ನಾಲ್ಕು ಬೆರಳು ಬಿಟ್ಟು, ಕಲಸಿದ ಬೆಣ್ಣೆಯನ್ನು ಸಾಲಾಗಿ ಇಡಿ. ಕಾಗದ ಮಡಚಿ ಮುಚ್ಚಿ. ಈಗ ಸ್ಟೀಲಿನ ಸ್ಕೇಲನ್ನು ಮಡಿಕೆಯ ಮೇಲೆ ಒತ್ತಿ ಹಿಡಿದು, ಕೆಳಗಿನ ಕಾಗದವನ್ನು ನಿಮ್ಮ ಕಡೆಗೆ ಎಳೆಯಿರಿ. ಒಳಗಿನ ಗಾಳಿ ಹೋಗಿ ಸುರುಳಿ ಬಿಗಿಯಾಗಿ ದುಂಡಗಾಗುತ್ತದೆ. ಗಾಳಿ ಉಳಿದರೆ ಆ ಜಾಗದಲ್ಲಿ ಬೆಣ್ಣೆ ಬೇಗ ಕಮಟುತ್ತದೆ, ಬಿಲ್ಲೆ ಕತ್ತರಿಸುವಾಗ ತೂತೂ ಬೀಳುತ್ತದೆ. ಎರಡೂ ತುದಿಗಳನ್ನು ಮಿಠಾಯಿ ಕಾಗದದ ಹಾಗೆ ತಿರುಚಿ ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಮೂರೂವರೆ ಸೆಂಟಿಮೀಟರ್ ದಪ್ಪದ ಸುರುಳಿಯಲ್ಲಿ ಒಂದು ಸೆಂಟಿಮೀಟರಿನ ಬಿಲ್ಲೆ ಹೆಚ್ಚು ಕಡಿಮೆ 9 ಗ್ರಾಂ ತೂಗುತ್ತದೆ, ಒಂದು ದೋಸೆಗೆ ಒಂದು.

ಫ್ರೀಜರಿಗೆ ಹಾಕುವ ಮೊದಲೇ ಬಿಲ್ಲೆ ಕತ್ತರಿಸಿಕೊಳ್ಳಿ. ಕಲ್ಲಿನ ಹಾಗೆ ಗಟ್ಟಿಯಾದ ಮೇಲೆ ಕತ್ತರಿಸಿದರೆ ಸೊಪ್ಪು ಇರುವ ಕಡೆ ಸೀಳಿ ಚೂರಾಗುತ್ತದೆ. ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಪೂರ್ತಿ ಒರೆಸಿ, ಆಮೇಲೆ ಕೊಯ್ಯಿರಿ. ಬಿಲ್ಲೆಗಳ ನಡುವೆ ಕಾಗದ ಇಟ್ಟು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಕೊಬ್ಬು ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ಪಕ್ಕದಲ್ಲಿ ಕತ್ತರಿಸಿದ ಈರುಳ್ಳಿಯೋ ಹಲಸಿನ ತೊಳೆಯೋ ಇದ್ದರೆ ಮರುದಿನ ಬೆಣ್ಣೆಯಲ್ಲಿ ಅದೇ ವಾಸನೆ.

---

ಕಾವಲಿ

ಬಳಸುವಾಗ ಎಡವುವವರೇ ಹೆಚ್ಚು. ಈ ಬೆಣ್ಣೆ ಒಗ್ಗರಣೆಗೂ ಅಲ್ಲ, ಕಾವಲಿಗೆ ಸವರುವುದಕ್ಕೂ ಅಲ್ಲ. ದೋಸೆ ಹುಯ್ಯುವ ಕಾವಲಿ 180 ಡಿಗ್ರಿ ದಾಟಿರುತ್ತದೆ. ಅಷ್ಟು ಬಿಸಿಗೆ ಬೆಳ್ಳುಳ್ಳಿ ಚೂರು, ಸೊಪ್ಪು ಎಲ್ಲ ಕಪ್ಪಾಗಿ ಕಾವಲಿಗೆ ಹಿಡಿಯುತ್ತದೆ. ಮುಂದಿನ ದೋಸೆಯೂ ಏಳುವುದಿಲ್ಲ. ದಾವಣಗೆರೆ ಬೆಣ್ಣೆ ದೋಸೆಗೆ ಸಾದಾ ಬೆಣ್ಣೆಯನ್ನೇ ಧಾರಾಳವಾಗಿ ಹಾಕುತ್ತಾರೆ, ಅದು ತಡೆದುಕೊಳ್ಳುತ್ತದೆ. ಮನೆಯಲ್ಲೂ ದೋಸೆಯ ಸುತ್ತ ಸಾದಾ ಬೆಣ್ಣೆಯೋ ತುಪ್ಪವೋ ಬಿಟ್ಟು ಗರಿಗರಿ ಮಾಡಿ, ತಟ್ಟೆಗೆ ಇಳಿಸಿದ ಮೇಲೆ ಖಾರದ ಬೆಣ್ಣೆಯ ಬಿಲ್ಲೆ ಇಡಿ. ದೋಸೆಯ ಬಿಸಿಗೆ ತಾನಾಗಿ ಕರಗುತ್ತದೆ. ಅಕ್ಕಿ ರೊಟ್ಟಿಗೂ, ಸುಟ್ಟ ಮೆಕ್ಕೆಜೋಳದ ತೆನೆಗೂ, ಕಾವಲಿಯ ಮೇಲೆ ಹುರಿದ ಅಂಜಲ್ ಮೀನಿಗೂ ಇದೇ ಕ್ರಮ.

ಬ್ರೆಡ್ಡಿಗೆ ಮಾತ್ರ ಹಚ್ಚಿ ಬಿಸಿ ಮಾಡಬೇಕಾಗುತ್ತದೆ. ಓವನ್ ಇದ್ದರೆ 180 ಡಿಗ್ರಿಯಲ್ಲಿ ಫಾಯಿಲ್ ಸುತ್ತಿ 8 ನಿಮಿಷ, ಬಿಚ್ಚಿ 2 ನಿಮಿಷ. ಕಾವಲಿಯಲ್ಲಾದರೆ ಹಚ್ಚದ ಕಡೆಯನ್ನು ಮೊದಲು ಗರಿಯಾಗಿಸಿ, ಉರಿ ಸಣ್ಣದು ಮಾಡಿ, ಬೆಣ್ಣೆ ಕಡೆಯನ್ನು 40 ಸೆಕೆಂಡು ಮಾತ್ರ ಕವುಚಿ.

---

ತುಪ್ಪದಗಿಂಡಿ

ಕಾವಲಿ ಅವರೇ, ಫ್ರೀಜರಿನ ಬಿಲ್ಲೆಯನ್ನು ನೇರ ದೋಸೆಯ ಮೇಲೆ ಇಡಬಹುದೇ, ಮೊದಲು ಹೊರಗಿಟ್ಟು ಮೆತ್ತಗೆ ಮಾಡಬೇಕೇ?

---

ಕಾವಲಿ

ನೇರ ಇಡಬೇಡಿ. ಬಿಲ್ಲೆ ಕರಗುವಷ್ಟರಲ್ಲಿ ತೆಳು ದೋಸೆ ಆರಿರುತ್ತದೆ, ನಡುವೆ ಮೆತ್ತಗಾಗಿರುತ್ತದೆ. ಹಿಂದಿನ ರಾತ್ರಿ ಬೇಕಾದಷ್ಟೇ ಬಿಲ್ಲೆ ಫ್ರಿಜ್ಜಿಗೆ ಇಳಿಸಿಕೊಳ್ಳಿ, ಕಾವಲಿ ಕಾಯಲು ಇಡುವಾಗ ಹೊರಗೆ ತೆಗೆಯಿರಿ. ಮೊದಲ ದೋಸೆ ಏಳುವ ಹೊತ್ತಿಗೆ ಹದ ಬಂದಿರುತ್ತದೆ. ಇಳಿಸಿಕೊಂಡದ್ದನ್ನು ಮತ್ತೆ ಫ್ರೀಜರಿಗೆ ಸೇರಿಸಬೇಡಿ.